ದುಬೈಯಲ್ಲಿ ಕಳೆದದ್ದನ್ನು ಎಲ್ಲಿ ಹುಡುಕಬೇಕು?

ನಮ್ಮ ಕಾಸರಗೋಡಿನ ಬದಿಯಡ್ಕದ ಬಸ್ಸಿನಲ್ಲಿ ಕೊಡೆ ಮರೆತು ಬಂದರೆ ಮರುದಿನ ಅದೇ ಬಸ್ಸಿಗೆ ಕಾದು ಕಂಡಕ್ಟರನನ್ನು ಕೇಳಿದರಾಯಿತು. ದುಬೈಯ ದೇರಾದಲ್ಲಿ ನನ್ನ ಪಾಸ್‌ಪೋರ್ಟಿದ್ದ ಚೀಲ ಟ್ಯಾಕ್ಸಿಯಲ್ಲೇ ಉಳಿದ ದಿನ ನಾನು ಓಡಿಸಿದ್ದೂ ಅದೇ ಬುದ್ಧಿ. ಇಳಿದ ಜಾಗದಲ್ಲಿ ಎರಡು ಗಂಟೆ ನಿಂತೆ. ಕೋಣೆಗೆ ಮರಳಿದರೆ ಆರು ಮಂದಿಯಿಂದ ಆರು ಸಲಹೆ. ಪೊಲೀಸರಿಗೆ ತಿಳಿಸು ಎಂದವನು ಒಬ್ಬನೂ ಇಲ್ಲ. ಠಾಣೆಯ ಮೆಟ್ಟಿಲು ಹತ್ತುವುದೆಂದರೆ ನಮ್ಮ ಕಡೆ ಮರ್ಯಾದೆಯ ಪ್ರಶ್ನೆಯಲ್ಲವೇ! ಕೊನೆಗೆ ಮಂಜೇಶ್ವರದ ಹಿರಿಯರೊಬ್ಬರು, “ರಸೀದಿ ಇದೆಯಾ ನೋಡು ಮಾರಾಯ” ಎಂದರು. ಅಂಗಿಯ ಜೇಬಿನಲ್ಲಿ ಮುದುಡಿದ್ದ ಚೀಟಿಯಲ್ಲಿ ಟ್ಯಾಕ್ಸಿಯ ಸಂಖ್ಯೆಯಿತ್ತು. ಅಲ್ಲಿನ ಸಾರಿಗೆ ಪ್ರಾಧಿಕಾರದ 8009090ಕ್ಕೆ ಕರೆ ಮಾಡಿ ಅದನ್ನು ಓದಿ ಹೇಳಿದೆ. ಮರುದಿನ ಚೀಲ ಸಿಕ್ಕಿತು.

ಟ್ಯಾಕ್ಸಿಯವನು ಒಳ್ಳೆಯವನೇ ಇರಬೇಕು. ಆದರೆ ಅವನ ಹಿಂದೆ ಕಾನೂನೂ ಇತ್ತು. ಯುಎಇಯಲ್ಲಿ ಬಿದ್ದು ಸಿಕ್ಕಿದ ವಸ್ತುವನ್ನು 48 ಗಂಟೆಗಳೊಳಗೆ ಪೊಲೀಸರಿಗೆ ಒಪ್ಪಿಸಬೇಕು, ತನ್ನದಾಗಿಸಿಕೊಂಡರೆ ಅಪರಾಧ. ಹಾಗಾಗಿ ಕಳೆದುಕೊಂಡವನು ಕೋಣೆಯಲ್ಲಿ ಚರ್ಚೆ ಮಾಡುತ್ತಾ ಕುಳಿತುಕೊಳ್ಳದೆ ದೂರು ದಾಖಲಿಸಬೇಕು. ಮೆಟ್ರೋದ ಸೀಟಿನಲ್ಲಿ ಯಾರದೋ ಮೊಬೈಲ್ ಕಂಡರೆ, “ವಾರಸುದಾರನನ್ನು ನಾನೇ ಹುಡುಕಿ ಕೊಡುತ್ತೇನೆ” ಎಂದು ಮನೆಗೆ ತರುವ ಉಪಕಾರವೂ ಬೇಡ. ಅಲ್ಲಿನ ಸಿಬ್ಬಂದಿಗೆ ಕೊಟ್ಟುಬಿಡಿ. ಕಳ್ಳತನವೋ ಹಲ್ಲೆಯೋ ನಡೆಯುತ್ತಿದ್ದರೆ 999. ಅಷ್ಟು ತುರ್ತಲ್ಲದ್ದಕ್ಕೆ ದುಬೈ ಪೊಲೀಸರ 901. ಪೊಲೀಸರ ಹೆಸರಿನಲ್ಲಿ ಫೋನ್ ಮಾಡಿ ಎಮಿರೇಟ್ಸ್ ಐಡಿ (ಅಲ್ಲಿನ ಗುರುತುಚೀಟಿ), ಒಟಿಪಿ ಕೇಳುವವರು ಮಾತ್ರ ವಂಚಕರು. ಮಾತು ಬೆಳೆಸದೆ ಕರೆ ಕತ್ತರಿಸಿ.

ಪಾಸ್‌ಪೋರ್ಟ್ ಸಿಗದೇ ಹೋದರೆ ಮೊದಲು ಪೊಲೀಸ್ ವರದಿ, ಆಮೇಲೆ ಭಾರತದ ಕಚೇರಿ. ದುಬೈಯಲ್ಲಿ ಕಾನ್ಸುಲೇಟ್ ಇದೆ, ಅಬುಧಾಬಿಯಲ್ಲಿ ರಾಯಭಾರ ಕಚೇರಿ. ತುರ್ತಾಗಿ ಊರಿಗೆ ಹೊರಡಬೇಕಾದರೆ ಒಂದೇ ಪ್ರಯಾಣಕ್ಕೆ ಸಲ್ಲುವ ತುರ್ತು ಪ್ರಮಾಣಪತ್ರ ಕೊಡುತ್ತಾರೆ. ಪಾಸ್‌ಪೋರ್ಟಿನ ಒಂದು ಪ್ರತಿ ಊರಿನ ಮನೆಯವರ ಮೊಬೈಲಿನಲ್ಲಿಯೂ ಇರಲಿ. “ಭದ್ರವಾಗಿ ಇಟ್ಟಿರುತ್ತೇನೆ” ಎಂದು ಮಾಲೀಕ ಪಾಸ್‌ಪೋರ್ಟ್ ಕೇಳಿದರೆ ಒಪ್ಪಬೇಕಾಗಿಲ್ಲ: ನೌಕರನ ದಾಖಲೆಗಳನ್ನು ತಡೆಹಿಡಿಯುವುದನ್ನು ಅಲ್ಲಿನ ಕಾರ್ಮಿಕ ಕಾನೂನೇ ನಿಷೇಧಿಸಿದೆ. ಇಂಥ ತಕರಾರಿಗೆ ಭಾರತ ಸರ್ಕಾರದ ಸಹಾಯವಾಣಿ 80046342.

ಕಾಸರಗೋಡಿನ ಕನ್ನಡಿಗರಾದ ನಾವು ಇನ್ನೊಂದು ಬಾಗಿಲನ್ನು ತಟ್ಟುವುದೇ ಇಲ್ಲ: ಹೊರನಾಡಿನಲ್ಲಿರುವ ಕೇರಳಿಗರಿಗಾಗಿ ಕೇರಳ ಸರ್ಕಾರ ನಡೆಸುವ ನೋರ್ಕಾ. ನೋರ್ಕಾ ಎಂದರೆ ಮಲಯಾಳಿಗಳದ್ದು ಎಂದು ಸುಮ್ಮನಾಗುತ್ತೇವೆ. 1956ರಿಂದ ಕೇರಳದ ಲೆಕ್ಕದಲ್ಲಿರುವ ನಮಗೂ ಅದು ಸಲ್ಲುತ್ತದೆ. ಅವರು ನೋಡುವುದು ವಿಳಾಸವನ್ನು. ಆರು ತಿಂಗಳು ಹೊರದೇಶದಲ್ಲಿದ್ದವರಿಗೆ ಸಿಗುವ ನೋರ್ಕಾ ಗುರುತುಚೀಟಿಯ ಜೊತೆ ಅಪಘಾತ ವಿಮೆಯೂ ಬರುತ್ತದೆ. ಭಾಷೆಯ ಸಿಟ್ಟನ್ನು ಇಲ್ಲಿ ತೋರಿಸಿ ನಷ್ಟ ಮಾಡಿಕೊಳ್ಳುವುದು ಯಾಕೆ?

ವಿಮಾನದಲ್ಲಿ ಪೆಟ್ಟಿಗೆ ಬಾರದಿದ್ದರೆ ನಿಲ್ದಾಣದಿಂದ ಹೊರಬೀಳುವ ಮೊದಲೇ ಕೌಂಟರಿನಲ್ಲಿ ಬರೆಸಿ, ಪ್ರತಿ ತೆಗೆದುಕೊಳ್ಳಿ. ಒಡೆದಿದ್ದರೆ ಲಿಖಿತ ದೂರಿಗೆ ಏಳು ದಿನ, ತಡವಾಗಿ ಬಂದಿದ್ದರೆ ಕೈಗೆ ಸಿಕ್ಕಿದ ಮೇಲೆ 21 ದಿನ ಅವಕಾಶ. ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು.

ಪೆಟ್ಟಿಗೆಯ ಒಳಗೆ ಏನಿದೆ ಎಂಬುದು ಇನ್ನೂ ದೊಡ್ಡ ವಿಷಯ. ಮಂಗಳೂರಿನ ಬಜಪೆ ವಿಮಾನ ನಿಲ್ದಾಣಕ್ಕೆ ಹೊರಡುವ ಹಿಂದಿನ ಸಂಜೆ ಅಕ್ಕಪಕ್ಕದವರು ಕಟ್ಟಿಕೊಟ್ಟು ಹೋಗುವ ಪೊಟ್ಟಣಗಳನ್ನು ಬಿಚ್ಚದೆ ಒಯ್ಯಬೇಡಿ. ಪಾಯಸಕ್ಕೆ ಹಾಕುವ ಗಸಗಸೆ ಯುಎಇಯಲ್ಲಿ ಮಾದಕ ವಸ್ತುಗಳ ಸಾಲಿಗೆ ಸೇರಿದೆ. ವೀಳ್ಯದೆಲೆಗೂ ನಿಷೇಧ. ಟ್ರಮಡಾಲ್, ಕೋಡಿನ್ ಇರುವ ಔಷಧಿಗೆ ಮೊದಲೇ ಅನುಮತಿ ಪಡೆದಿರಬೇಕು. ಹೋದ ಸಲ ನಮ್ಮ ಅತ್ತೆ ತಮ್ಮ ಮಗನಿಗೆಂದು ಕೊಟ್ಟ ಕಟ್ಟನ್ನು ಅವರೆದುರೇ ಬಿಚ್ಚಿದೆ. ಮುಖ ಸಣ್ಣದು ಮಾಡಿಕೊಂಡರು. ಗಸಗಸೆಯ ಪುಟ್ಟ ಪೊಟ್ಟಣ ಅಡುಗೆಮನೆಗೆ ವಾಪಸಾಯಿತು, ಹಲಸಿನ ಹಪ್ಪಳ ವಿಮಾನ ಹತ್ತಿತು.