ಡ್ರೂಲ್ಸ್ ನಿಧಾನವಾದಾಗ ನಾನು ನೋಡುವ ಜಾಗಗಳು

ಡ್ರೂಲ್ಸ್ ಎಂದರೆ 'ಹೀಗಿದ್ದರೆ ಹೀಗೆ ಮಾಡು' ಎಂಬ ರೂಲ್‌ಗಳನ್ನು ಡೇಟಾಗೆ ಅನ್ವಯಿಸುವ ಜಾವಾ ರೂಲ್ ಎಂಜಿನ್. ಅದು ನಿಧಾನವಾಯಿತೆಂದರೆ ನಾನು ಹೀಪ್ (ಜಾವಾ ಪ್ರೋಗ್ರಾಮಿನ ಮೆಮೊರಿ) ಹೆಚ್ಚಿಸಲು ಹೋಗುವುದಿಲ್ಲ. ಮೊದಲು ಸಮಯವನ್ನು ಮೂರು ಭಾಗ ಮಾಡಿ ಅಳೆಯುತ್ತೇನೆ: ಕೀಬೇಸ್ (ಕಂಪೈಲ್ ಆದ ರೂಲ್‌ಗಳ ಸಂಗ್ರಹ) ಕಟ್ಟಲು ಎಷ್ಟು, ಫ್ಯಾಕ್ಟ್ ಇನ್ಸರ್ಟ್‌ಗೆ (ಎಂಜಿನ್‌ಗೆ ಡೇಟಾ ಆಬ್ಜೆಕ್ಟ್‌ಗಳನ್ನು ಕೊಡಲು) ಎಷ್ಟು, ರೂಲ್‌ಗಳನ್ನು ಓಡಿಸುವ ಫೈರ್‌ಆಲ್‌ರೂಲ್ಸ್‌ಗೆ ಎಷ್ಟು. ಪ್ರತಿ ರಿಕ್ವೆಸ್ಟ್‌ಗೂ ಕೀಬೇಸ್ ಕಟ್ಟುವ ಕೋಡ್ ಕಂಡರೆ ಮುಂದೆ ಹುಡುಕುವ ಮೊದಲು ಅದನ್ನೇ ಸರಿಪಡಿಸಬೇಕು. ಕೀಬೇಸನ್ನು ಒಮ್ಮೆ ಕಟ್ಟಿ ಇಟ್ಟುಕೊಂಡರೆ ಸಾಕು. ಅದರಿಂದ ಸೆಷನ್ (ಫ್ಯಾಕ್ಟ್‌ಗಳನ್ನು ಹಾಕಿ ರೂಲ್ ಓಡಿಸುವ ಜಾಗ) ತೆರೆಯುವುದು ಅಗ್ಗದ ಕೆಲಸ. ಫ್ಯಾಕ್ಟ್‌ಗಳನ್ನು ಹಿಡಿದಿಟ್ಟುಕೊಳ್ಳುವ ಸ್ಟೇಟ್‌ಫುಲ್ ಸೆಷನ್ ಆದರೆ ಕೆಲಸ ಮುಗಿದೊಡನೆ ಡಿಸ್ಪೋಸ್ ಮಾಡಿ, ಇಲ್ಲವಾದರೆ ಮೆಮೊರಿ ತುಂಬುತ್ತಾ ಹೋಗುತ್ತದೆ.

ಫೈರ್‌ಆಲ್‌ರೂಲ್ಸ್‌ಗೇ ಹೆಚ್ಚು ಹೊತ್ತು ಹಿಡಿದರೆ ಎಲ್ಲರ ಕಣ್ಣು ರೂಲಿನ 'ದೆನ್' ಭಾಗದ (ಷರತ್ತು ಹೊಂದಿದಾಗ ಮಾಡುವ ಕೆಲಸದ) ಮೇಲೆ ಬೀಳುತ್ತದೆ. ಆದರೆ 6ನೇ ಆವೃತ್ತಿಯಲ್ಲಿ ಬಂದ ಫ್ರೀಕ್ ಅಲ್ಗಾರಿದಮ್ ಜಾಯಿನ್‌ಗಳನ್ನು (ಬೇರೆ ಬೇರೆ ಫ್ಯಾಕ್ಟ್‌ಗಳನ್ನು ಜೋಡಿಸಿ ನೋಡುವುದನ್ನು) ಇನ್ಸರ್ಟ್ ವೇಳೆ ಮಾಡದೆ ಫೈರ್‌ಆಲ್‌ರೂಲ್ಸ್ ಹೊತ್ತಿಗೆ ಮುಂದೂಡುತ್ತದೆ. ರೂಲ್ ಫೈರ್ ಆಗುವುದನ್ನು ತಿಳಿಸುವ ಅಜೆಂಡಾ ಈವೆಂಟ್ ಲಿಸನರ್ ಹಾಕಿ, ಪ್ರತಿ ರೂಲ್ ಫೈರ್ ಆಗುವ ಮೊದಲಿನ ಮತ್ತು ನಂತರದ ಹೊತ್ತಿನ ಅಂತರ ಕೂಡಿಸಿ. ಒಟ್ಟು ಸಮಯದಲ್ಲಿ ಅದನ್ನು ಕಳೆದು ಉಳಿದದ್ದರಲ್ಲಿ ಬಹುಪಾಲು ಮ್ಯಾಚಿಂಗ್‌ಗೆ (ಯಾವ ಫ್ಯಾಕ್ಟ್ ಯಾವ ರೂಲಿಗೆ ಹೊಂದುತ್ತದೆಂದು ನೋಡಲು) ಹೋದದ್ದು. ಅದೇ ದೊಡ್ಡದಾಗಿದ್ದರೆ ಡ್ರೂಲ್ಸ್-ಮೆಟ್ರಿಕ್ ಮಾಡ್ಯೂಲ್ ಸೇರಿಸಿ, drools.metric.logger.enabled ಎಂಬ ಸಿಸ್ಟಂ ಪ್ರಾಪರ್ಟಿಯನ್ನು true ಮಾಡಿ, ಲಾಗನ್ನು ಅತಿ ವಿವರವಾದ ಟ್ರೇಸ್ ಮಟ್ಟಕ್ಕಿಡಿ. 500 ಮೈಕ್ರೊಸೆಕೆಂಡ್ ಮೀರಿದ ನೋಡ್‌ಗಳು (ಎಂಜಿನ್ ಒಳಗೆ ಷರತ್ತುಗಳನ್ನು ಪರೀಕ್ಷಿಸುವ ಘಟ್ಟಗಳು) ಎಷ್ಟು ಬಾರಿ ಹೋಲಿಕೆ ಮಾಡಿದವೆಂಬ ಎಣಿಕೆಯ ಸಮೇತ ಕಾಣಿಸುತ್ತವೆ. ನನಗೆ ಆ ಎಣಿಕೆ ಸಮಯಕ್ಕಿಂತ ಮುಖ್ಯ.

1,000 ಗ್ರಾಹಕರು, 10,000 ಆರ್ಡರ್‌ಗಳು ಇವೆ ಎನ್ನಿ. ಎರಡನ್ನೂ ಇವ್ಯಾಲ್ (ಯಾವುದೇ ಕೋಡನ್ನು ಷರತ್ತಾಗಿ ಬರೆಯುವ ರೂಪ) ಒಳಗೆ ಅಥವಾ ಹೆಲ್ಪರ್ ಫಂಕ್ಷನ್‌ನಲ್ಲಿ ಹೋಲಿಸಿದರೆ ಎಂಜಿನ್‌ಗೆ ಇಂಡೆಕ್ಸ್ ಕಟ್ಟಲಾಗದು. ಒಂದೊಂದು ಜೋಡಿಯನ್ನೂ ನೋಡಬೇಕು, ಅಂದರೆ 1 ಕೋಟಿ ಹೋಲಿಕೆ. ಆರ್ಡರಿನ ಗ್ರಾಹಕ ಐಡಿ ಫೀಲ್ಡನ್ನು ಗ್ರಾಹಕರ ಐಡಿಗೆ ನೇರವಾಗಿ == ಹಾಕಿ ಬರೆದರೆ ಹ್ಯಾಶ್ ಇಂಡೆಕ್ಸ್ ಸಿಗುತ್ತದೆ, ಹೊಂದುವವು ಮಾತ್ರ ಎದುರಾಗುತ್ತವೆ. 'ಬಾಕಿ ಇರುವ ಆರ್ಡರ್' ಎಂಬಂಥ ಷರತ್ತನ್ನು ಆರ್ಡರ್ ಪ್ಯಾಟರ್ನ್ (ರೂಲಿನಲ್ಲಿ ಆರ್ಡರನ್ನು ಆರಿಸುವ ಭಾಗ) ಒಳಗೇ ಬರೆಯಿರಿ. ಅದು ಜಾಯಿನ್‌ಗೆ ಮುಂಚೆಯೇ ಸೋಸುತ್ತದೆ. ಅತಿ ಕಡಿಮೆ ಫ್ಯಾಕ್ಟ್ ಉಳಿಸುವ ಪ್ಯಾಟರ್ನ್ ಮೊದಲು ಬರಲಿ.

ಮ್ಯಾಚಿಂಗ್ ಚೆನ್ನಾಗಿದ್ದೂ ನಿಧಾನವೇ? ಫೈರ್‌ಆಲ್‌ರೂಲ್ಸ್ ಹಿಂತಿರುಗಿಸುವ ಸಂಖ್ಯೆ, ಅಂದರೆ ರೂಲ್‌ಗಳು ಎಷ್ಟು ಬಾರಿ ಫೈರ್ ಆದವೆಂಬುದನ್ನು ನೋಡಿ. ನಿರೀಕ್ಷೆಗಿಂತ ಹಲವು ಪಟ್ಟು ಇದ್ದರೆ ರೂಲ್‌ಗಳು ಒಂದನ್ನೊಂದು ಎಬ್ಬಿಸುತ್ತಿವೆ. ರೂಲಿಗೆ ಹಾಕುವ ನೋ-ಲೂಪ್ ಗುಣಲಕ್ಷಣ ಇದಕ್ಕೆ ಸಾಲದು, ಅದು ರೂಲ್ ತನ್ನನ್ನೇ ಮತ್ತೆ ಎಬ್ಬಿಸುವುದನ್ನಷ್ಟೇ ತಡೆಯುತ್ತದೆ. ಫ್ಯಾಕ್ಟಿನ ಬದಲಾವಣೆಯನ್ನು 'ದೆನ್' ಭಾಗದ ಮಾಡಿಫೈ ಬ್ಲಾಕ್‌ನಲ್ಲಿ, ಸೆಟರ್ (ಫೀಲ್ಡಿನ ಬೆಲೆ ಬದಲಿಸುವ ಮೆಥಡ್) ಮೂಲಕ ಬರೆಯಿರಿ; ಆಗ ಆ ಫೀಲ್ಡ್ ಬಳಸುವ ಪ್ಯಾಟರ್ನ್‌ಗಳಷ್ಟೇ ಮತ್ತೆ ಪರೀಕ್ಷೆಗೊಳಗಾಗುತ್ತವೆ. 7ನೇ ಆವೃತ್ತಿಯಿಂದ ಇದು ತಾನಾಗಿಯೇ ಜಾರಿಯಲ್ಲಿದೆ.

ಪ್ರತಿ ತಿದ್ದುಪಡಿಯ ನಂತರ ಅದೇ ಫ್ಯಾಕ್ಟ್‌ಗಳಿಂದ, ಜೆವಿಎಂ (ಜಾವಾ ಕೋಡ್ ಓಡಿಸುವ ತಂತ್ರಾಂಶ) ಬೆಚ್ಚಗಾದ ಮೇಲೆ, ಅಂದರೆ ಕೆಲವು ಬಾರಿ ಓಡಿಸಿದ ಮೇಲೆ ಅಳೆಯಿರಿ. ಪ್ರೊಡಕ್ಷನ್‌ಗೆ ಹೋಗುವ ಮುನ್ನ ಮೆಟ್ರಿಕ್ ಲಾಗ್ ಆಫ್ ಮಾಡಿ. ಅದಕ್ಕೂ ಸಮಯ ತಗಲುತ್ತದೆ.