ಮಾಡಿದ ತಪ್ಪು ಒಳಗೊಳಗೇ ಕೊರೆಯುತ್ತಿದ್ದರೆ ಏನು ಮಾಡಬೇಕು?

ಅಮ್ಮ ಹಾಸಿಗೆ ಹಿಡಿದಾಗ ಗಲ್ಫಿನಿಂದ ಬರಲಿಲ್ಲ, ತಮ್ಮನ ಪಾಲಿನ ಜಾಗ ಮೋಸದಿಂದ ಬರೆಸಿಕೊಂಡೆ, ಹೆಂಡತಿ ಮೇಲೆ ಕೈ ಮಾಡಿದೆ. ಇಂಥದ್ದನ್ನು ಒಳಗೆ ಇಟ್ಟುಕೊಂಡೇ ಭಾನುವಾರ ಇಗರ್ಜಿಗೆ ಹೋಗಿ, ಹಿಂದಿನ ಬೆಂಚಲ್ಲಿ ಕೂತು, ಯಾರೂ ಮಾತಾಡಿಸುವ ಮೊದಲೇ ಹೊರಟುಬಿಡುವವರು ನಮ್ಮ ಮಂಗಳೂರು, ಉಡುಪಿ ಕಡೆ ಎಷ್ಟೋ ಜನ ಇದ್ದಾರೆ. ಇದು ಅವರಿಗೆ.

ಮೊದಲು ನಡೆದದ್ದನ್ನು ಕಾಗದದಲ್ಲಿ ಬರೆಯಿರಿ. ಸುಮ್ನೆ ‘ನಾನು ಕೆಟ್ಟವನು’ ಅಂತ ಬರೆದರೆ ಸಾಲದು, ಯಾರಿಗೆ ಏನು ಮಾಡಿದೆ ಅಂತ ಬರೆಯಬೇಕು. ನಿಮ್ಮ ಕೈಯಲ್ಲಿ ಇಲ್ಲದ್ದನ್ನು ಬೇರೆ ಬರೆಯಿರಿ. ರಜೆ ಸಿಗದೆ, ಪಾಸ್‌ಪೋರ್ಟ್ ಕಂಪನಿಯವರ ಹತ್ತಿರ ಸಿಕ್ಕಿಕೊಂಡು ಬರಲಾಗದಿದ್ದರೆ ಅದು ದುಃಖ, ಪಾಪ ಅಲ್ಲ.

ಆಮೇಲೆ ಕೀರ್ತನೆ 51 ಜೋರಾಗಿ ಓದಿ. ಊರೀಯನ ಹೆಂಡತಿಯನ್ನು ಕೂಡಿ, ಊರೀಯನನ್ನು ಯುದ್ಧದಲ್ಲಿ ಸಾಯುವಂತೆ ಮಾಡಿದ್ದ ದಾವೀದ ರಾಜ, ಪ್ರವಾದಿ ನಾತಾನ ಬಂದು ತಪ್ಪು ತೋರಿಸಿದ ಮೇಲೆ ಹಾಡಿದ ಕೀರ್ತನೆ ಅದು. ದಾವೀದನಿಗೆ ಕ್ಷಮೆ ಸಿಕ್ಕಿತು, ಆದರೂ ಆ ಹೆಂಗಸಿನಲ್ಲಿ ಹುಟ್ಟಿದ ಮಗು ಉಳಿಯಲಿಲ್ಲ, ಊರೀಯ ಎದ್ದು ಬರಲಿಲ್ಲ. ಹಾಗಾಗಿ ಕ್ಷಮೆ ಕೇಳಿದ ಮೇಲೂ ಅಳು ಬಂದರೆ ನಂಬಿಕೆ ಕಡಿಮೆಯಾಯಿತು ಅಂದುಕೊಳ್ಳಬೇಡಿ.

ನನಗೆ ಎಲ್ಲಕ್ಕಿಂತ ಜಾಸ್ತಿ ಧೈರ್ಯ ಕೊಡುವುದು ಯೇಸುವಿನ ಶಿಷ್ಯ ಪೇತ್ರ. ಅವನೂ ಯೂದನೂ ಒಂದೇ ರಾತ್ರಿ ಯೇಸುವಿನ ಕೈಬಿಟ್ಟರು, ಇಬ್ಬರೂ ಮರುಗಿದರು. ಯೂದ, ಯೇಸುವನ್ನು ಹಿಡಿದುಕೊಟ್ಟದ್ದಕ್ಕೆ ಸಿಕ್ಕ ಮೂವತ್ತು ಬೆಳ್ಳಿ ನಾಣ್ಯ ಎಸೆದು ಒಬ್ಬನೇ ಹೋದ. ಪೇತ್ರ ಬಿಕ್ಕಿ ಬಿಕ್ಕಿ ಅತ್ತು, ಮತ್ತೆ ಉಳಿದ ಶಿಷ್ಯರ ಜೊತೆಗೇ ಇದ್ದ. ಯೋಹಾನ 21ನೇ ಅಧ್ಯಾಯ ನೋಡಿ: ಸತ್ತು ಮತ್ತೆ ಎದ್ದ ಯೇಸು ಶಿಷ್ಯರಿಗಾಗಿ ಕಾಯುತ್ತಿದ್ದ ದಡದಲ್ಲಿ ಇದ್ದಲಿನ ಕೆಂಡ, ಅದರ ಮೇಲೆ ಮೀನು, ಪಕ್ಕದಲ್ಲಿ ರೊಟ್ಟಿ. ಆ ರಾತ್ರಿ ಪೇತ್ರ ಯೇಸು ಯಾರೋ ‘ಗೊತ್ತಿಲ್ಲ’ ಅಂದದ್ದೂ ಇಂಥದೇ ಬೆಂಕಿಯಲ್ಲಿ ಚಳಿ ಕಾಯಿಸುತ್ತಾ ನಿಂತಾಗ, ಅಲ್ವಾ? ಯೇಸು ಮೊದಲು ಊಟ ಕೊಟ್ಟರು, ಆಮೇಲೆ ‘ನನ್ನನ್ನು ಪ್ರೀತಿಸುತ್ತೀಯಾ’ ಅಂತ ಮೂರು ಸಲ ಕೇಳಿ ತಮ್ಮ ಕುರಿಗಳನ್ನೂ, ಅಂದರೆ ತಮ್ಮ ಜನರನ್ನೂ, ಅವನ ಕೈಗೇ ಒಪ್ಪಿಸಿದರು.

ಅದಕ್ಕೇ ಒಬ್ಬರೇ ಇಟ್ಟುಕೊಳ್ಳಬೇಡಿ. ಕಥೋಲಿಕರಾದರೆ ಕುಮ್ಸಾರ್‌ಗೆ, ಅಂದರೆ ಫಾದರ್ ಹತ್ತಿರ ಪಾಪ ಹೇಳಿಕೊಳ್ಳಲಿಕ್ಕೆ ಹೋಗಿ, ಫಾದರ್ ಅದನ್ನು ಯಾರಿಗೂ ಹೇಳುವಂತಿಲ್ಲ. ಊರಿನ ಫಾದರ್ ಎದುರು ಸಂಕೋಚ ಆದರೆ ಮಂಗಳೂರು ಹಂಪನಕಟ್ಟೆಯ ಮಿಲಾಗ್ರಿಸ್ ಇಗರ್ಜಿಗೆ ಹೋಗಿ. ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯವರು ಸಭಾಪಾಲಕರನ್ನು ಕಂಡು ಮಾತಾಡಿ.

ತಿರುಗಿ ಕೊಡಲಿಕ್ಕೆ ಇರುವುದನ್ನು ಕೊಡಿ. ಮೋಸ ಮಾಡಿ ತೆಗೆದುಕೊಂಡಿದ್ದರೆ ನಾಲ್ಕರಷ್ಟು ಕೊಡುತ್ತೇನೆ ಅಂತ ಯೇಸುವಿಗೆ ಹೇಳಿದ ಸುಂಕದವನು ಜಕ್ಕಾಯ. ತಮ್ಮನ ಜಾಗ ಅವನ ಹೆಸರಿಗೆ ಮಾಡಿಸಿ, ಬರೀ ಪ್ರಾರ್ಥನೆಯಿಂದ ಆರ್‌ಟಿಸಿ ಬದಲಾಗುವುದಿಲ್ಲ. ಕ್ಷಮೆ ಕೇಳುವಾಗ ‘ಆದರೆ ನೀನೂ’ ಅನ್ನಬೇಡಿ. ಹೆಂಡತಿ ಕ್ಷಮಿಸದಿದ್ದರೆ ಒತ್ತಾಯ ಮಾಡಬೇಡಿ, ಕೈ ಮಾಡುವುದನ್ನು ನಿಲ್ಲಿಸಿ.

ತೀರಿಹೋದವರಾದರೆ ಸತ್ತವರನ್ನು ನೆನೆಯುವ ದಿನ ನವೆಂಬರ್ 2ರ ತನಕ ಕಾಯಬೇಡಿ, ಇವತ್ತೇ ಸಮಾಧಿ ಹತ್ತಿರ ಹೋಗಿ ಹೇಳಬೇಕಾದ್ದನ್ನು ಬಾಯಿಬಿಟ್ಟು ಹೇಳಿ.

ಬದುಕುವುದೇ ಬೇಡ ಅನಿಸಿದರೆ ತಕ್ಷಣ ಮನೆಯವರನ್ನು ಎಬ್ಬಿಸಿ, ಅಥವಾ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.