'ಇಲ್ಲ' ಅನ್ನುವುದನ್ನೂ ಮೈಬ್ಯಾಟಿಸ್ ನೆನಪಿಟ್ಟುಕೊಳ್ಳುತ್ತದೆ

ಟೇಬಲ್‌ನಲ್ಲಿ ಸಾಲು ಕಣ್ಣೆದುರಿಗೇ ಇತ್ತು. ನಮ್ಮ ಕೋಡ್ ಮಾತ್ರ ನಲ್, ಅಂದರೆ ಏನೂ ಇಲ್ಲ, ಅಂತಲೇ ಹೇಳುತ್ತಿತ್ತು.

ಕೆಲಸ ಇಷ್ಟೇ. ಬೇರೊಂದು ಸರ್ವಿಸ್ ಪಿಡಿಎಫ್ ತಯಾರಿಸಿ ಟೇಬಲ್‌ಗೆ ಒಂದು ಸಾಲು ಸೇರಿಸುತ್ತದೆ. ನಮ್ಮದು ಆ ಸಾಲನ್ನು ಮೈಬ್ಯಾಟಿಸ್ (ಜಾವಾ ಕೋಡ್‌ನಿಂದ ಡೇಟಾಬೇಸ್‌ಗೆ ಕ್ವೆರಿ ಕಳಿಸುವ ಲೈಬ್ರರಿ) ಮೂಲಕ ಹುಡುಕಬೇಕು. ಸಿಗದಿದ್ದರೆ 2 ಸೆಕೆಂಡ್ ಕಾದು ಮತ್ತೆ ಹುಡುಕಬೇಕು, ಒಟ್ಟು 5 ಸಲ. ಇಡೀ ಲೂಪನ್ನು ನಾನು ಸ್ಪ್ರಿಂಗ್‌ನ (ನಾವು ಬಳಸುವ ಜಾವಾ ಫ್ರೇಮ್‌ವರ್ಕ್) ಒಂದೇ ಟ್ರಾನ್ಸಾಕ್ಷನ್ (ಡೇಟಾಬೇಸ್ ಕೆಲಸಗಳನ್ನು ಒಂದೇ ಘಟಕವಾಗಿ ನಡೆಸುವುದು) ಒಳಗೆ ಬರೆದಿದ್ದೆ. ಮೊದಲ ಸಲವೇ ಸಾಲು ಸಿಕ್ಕರೆ ಎಲ್ಲ ಸರಿ. ಸಿಗದಿದ್ದರೆ 5 ಸಲವೂ ನಲ್.

ಮ್ಯಾಪರ್‌ನ (ಕ್ವೆರಿಗಳನ್ನು ಕರೆಯುವ ಮೈಬ್ಯಾಟಿಸ್ ಇಂಟರ್‌ಫೇಸ್) ಲಾಗನ್ನು ಡೀಬಗ್‌ಗೆ ಹಾಕಿ ನೋಡಿದೆ. ನಾನೇ ಹಾಕಿದ್ದ 'ಹುಡುಕುತ್ತಿದ್ದೇನೆ' ಸಾಲು 5 ಸಲ ಬಂದಿತ್ತು. ಕ್ವೆರಿ ಕಳಿಸುವಾಗ ಬರುವ ಮೈಬ್ಯಾಟಿಸ್‌ನ 'ಪ್ರಿಪೇರಿಂಗ್' ಒಂದೇ ಸಲ, ಅದರ ಕೆಳಗೆ 'ಟೋಟಲ್: 0'. ಉಳಿದ 4 ಕ್ವೆರಿ ಡೇಟಾಬೇಸ್ ತನಕ ಹೋಗೇ ಇರಲಿಲ್ಲ!

ಸೋರ್ಸ್ ತೆಗೆದು ಓದಿದಾಗ ಅರ್ಥವಾಯಿತು. ಒಂದೇ ಸಾಲು ತರುವ ಮೈಬ್ಯಾಟಿಸ್‌ನ ಸೆಲೆಕ್ಟ್‌ಒನ್ ಒಳಗೊಳಗೆ ಒಂದು ಲಿಸ್ಟನ್ನೇ ತರಿಸಿಕೊಳ್ಳುತ್ತದೆ. ಸಾಲು ಇಲ್ಲದಿದ್ದರೆ ಖಾಲಿ ಲಿಸ್ಟ್ ಬಂದು ಸೆಷನ್‌ನ (ಡೇಟಾಬೇಸ್ ಜೊತೆ ಮೈಬ್ಯಾಟಿಸ್ ನಡೆಸುವ ಒಂದು ಮಾತುಕತೆ) ಕ್ಯಾಶೆಯಲ್ಲಿ, ಅಂದರೆ ಹಿಂದಿನ ಉತ್ತರಗಳನ್ನು ಇಟ್ಟುಕೊಳ್ಳುವ ಜಾಗದಲ್ಲಿ, ಕೂರುತ್ತದೆ. ಮುಂದಿನ ಸಲ ಮೈಬ್ಯಾಟಿಸ್ ನೋಡುವುದು ಕ್ಯಾಶೆಯಲ್ಲಿರುವ ಲಿಸ್ಟ್ 'ನಲ್' ಹೌದಾ ಅಲ್ಲವಾ ಅಂತ ಮಾತ್ರ. ಖಾಲಿ ಲಿಸ್ಟ್ ನಲ್ ಅಲ್ವಲ್ಲ! ಹಾಗಾಗಿ ಕ್ಯಾಶೆಯಲ್ಲೇ ಉತ್ತರ ಸಿಕ್ಕಿತು ಅಂತ ಲೆಕ್ಕ, ನಮ್ಮ ಕೈಗೆ ಮತ್ತೆ ನಲ್. ಟ್ರಾನ್ಸಾಕ್ಷನ್ ಇಲ್ಲದಿದ್ದರೆ ಸ್ಪ್ರಿಂಗ್ ಪ್ರತಿ ಮ್ಯಾಪರ್ ಕರೆಗೂ ಹೊಸ ಸೆಷನ್ ಕೊಡುತ್ತದೆ. ಇದ್ದರೆ ಕೊನೆಯ ತನಕ ಒಂದೇ ಸೆಷನ್, ಒಂದೇ ಕ್ಯಾಶೆ.

ಸೆಲೆಕ್ಟ್‌ಗೆ ಫ್ಲಶ್‌ಕ್ಯಾಶೆ ಟ್ರೂ (ಕ್ವೆರಿಗೆ ಮೊದಲು ಕ್ಯಾಶೆ ಖಾಲಿ ಮಾಡು ಅನ್ನುವ ಸೆಟ್ಟಿಂಗ್) ಅಂತ ಹಾಕಿದೆ. ಲಾಗ್‌ನಲ್ಲಿ ಈಗ ಕ್ವೆರಿ 5 ಸಲ ಓಡಿತು. ಆದರೂ ಟೋಟಲ್ 0! ಇಲ್ಲೇ ನನ್ನ ಅರ್ಧ ದಿನ ಹೋಯಿತು. ನಮ್ಮ ಡೇಟಾಬೇಸ್ ಮೈಎಸ್‌ಕ್ಯೂಎಲ್, ಅದರ ಸ್ಟೋರೇಜ್ ಎಂಜಿನ್ ಇನ್ನೊಡಿಬಿ. ಬೇರೆಯವರ ಬದಲಾವಣೆ ಒಂದು ಟ್ರಾನ್ಸಾಕ್ಷನ್‌ಗೆ ಯಾವಾಗ ಕಾಣಬೇಕು ಅನ್ನುವುದಕ್ಕೆ ಅದರ ಡೀಫಾಲ್ಟ್ ನಿಯಮ ರಿಪೀಟಬಲ್ ರೀಡ್. ಮೊದಲ ಸಲ ಓದಿದಾಗ ಡೇಟಾ ಹೇಗಿತ್ತೋ, ಟ್ರಾನ್ಸಾಕ್ಷನ್ ಮುಗಿಯುವವರೆಗೆ ಮಾಮೂಲಿ ಸೆಲೆಕ್ಟ್‌ಗೆ ಅದೇ ಕಾಣುತ್ತದೆ. ಒಂದರ ಹಿಂದೆ ಇನ್ನೊಂದು ಗೋಡೆ. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಡೀಫಾಲ್ಟ್ ರೀಡ್ ಕಮಿಟೆಡ್ (ಪ್ರತಿ ಸೆಲೆಕ್ಟ್‌ಗೂ ಅಷ್ಟರೊಳಗೆ ಕಮಿಟ್ ಆದದ್ದೆಲ್ಲ ಕಾಣುತ್ತದೆ), ಅಲ್ಲಾಗಿದ್ದರೆ ಮೊದಲ ರಿಪೇರಿಯೇ ಸಾಕಾಗುತ್ತಿತ್ತು.

ಕೊನೆಗೆ ಕಾಯುವ ಲೂಪನ್ನೇ ಟ್ರಾನ್ಸಾಕ್ಷನ್‌ನಿಂದ ಹೊರಗೆ ತಂದೆ. ಸಾಲು ಸಿಕ್ಕಿದ ಮೇಲಷ್ಟೇ ಟ್ರಾನ್ಸಾಕ್ಷನ್ ಶುರು. ಎರಡೂ ತೊಂದರೆ ಒಟ್ಟಿಗೇ ಹೋದವು. ಕಾಯುವಷ್ಟು ಹೊತ್ತೂ ಕನೆಕ್ಷನ್ ಹಿಡಿದಿಟ್ಟುಕೊಳ್ಳುವುದೂ ತಪ್ಪಿತು. ಫ್ಲಶ್‌ಕ್ಯಾಶೆ ತೆಗೆದುಹಾಕಿದೆ, ಏಕೆಂದರೆ ಅದು ಆ ಒಂದು ಕ್ವೆರಿಯದ್ದಲ್ಲ, ಸೆಷನ್‌ನ ಇಡೀ ಕ್ಯಾಶೆಯನ್ನೇ ಖಾಲಿ ಮಾಡುತ್ತದೆ. ಮೈಬ್ಯಾಟಿಸ್‌ನ ಲೋಕಲ್ ಕ್ಯಾಶೆ ಸ್ಕೋಪನ್ನು ಸ್ಟೇಟ್‌ಮೆಂಟ್‌ಗೆ (ಕ್ಯಾಶೆ ಒಂದು ಕ್ವೆರಿಯ ಮಟ್ಟಿಗಷ್ಟೇ ಉಳಿಯುವಂತೆ) ಬದಲಿಸಬಹುದಿತ್ತು. ಆದರೆ ಒಂದು ಲೂಪ್‌ಗೋಸ್ಕರ ಎಲ್ಲ ಮ್ಯಾಪರ್‌ಗಳ ನಡವಳಿಕೆ ಬದಲಿಸಲು ಮನಸ್ಸಾಗಲಿಲ್ಲ.

ಎರಡನೇ ಹಂತದ ಕ್ಯಾಶೆ (ಬೇರೆ ಬೇರೆ ಸೆಷನ್‌ಗಳು ಹಂಚಿಕೊಳ್ಳುವ ಕ್ಯಾಶೆ) ಆನ್ ಮಾಡಿರುವವರು ಇನ್ನೂ ಜಾಸ್ತಿ ಎಚ್ಚರ ಇರಬೇಕು. ಅಲ್ಲೂ ಖಾಲಿ ಲಿಸ್ಟ್ ಕೂರುತ್ತದೆ, ಅದೂ ಸೆಷನ್ ಮುಗಿದ ಮೇಲೂ. ಬೇರೆ ಸರ್ವಿಸ್ ಸಾಲು ಸೇರಿಸಿದ್ದು ನಮ್ಮ ಮೈಬ್ಯಾಟಿಸ್‌ಗೆ ಗೊತ್ತೇ ಆಗುವುದಿಲ್ಲ.

ಈಗ ಇದಕ್ಕೊಂದು ಟೆಸ್ಟ್ ಇದೆ. ಮೊದಲು ಹುಡುಕಿ ನಲ್ ಬರಬೇಕು. ಆಮೇಲೆ ಬೇರೆ ಕನೆಕ್ಷನ್‌ನಿಂದ ಸಾಲು ಹಾಕಿ ಕಮಿಟ್ ಮಾಡಬೇಕು. ಮುಂದಿನ ಸುತ್ತಿನಲ್ಲಿ ಅದು ಸಿಗಬೇಕು. ಲೂಪನ್ನು ಯಾರಾದರೂ ಮತ್ತೆ ಟ್ರಾನ್ಸಾಕ್ಷನ್ ಒಳಗೆ ಹಾಕಿದರೆ ಈ ಟೆಸ್ಟ್ ಅಲ್ಲೇ ಫೇಲ್ ಆಗುತ್ತದೆ.